ಬೀಗಿತ್ತಿಯ ಬಣ್ಣ

ಒಂದು ದಾಂಪತ್ಯ, ಒಂದು ಅಂಗಡಿ, ಎರಡು ಮನೆತನಗಳ ನಂಟು, ಇಷ್ಟೂ ಆ ಬೆಳಿಗ್ಗೆ ಒಂದೇ ಮಹಾಪ್ರಶ್ನೆಗೆ ಜೋತುಬಿದ್ದಿದ್ದವು: ಮೇಜಿನ ಎಡತುದಿಯ ಸ್ಪೀಕರ್ ಅಲ್ಲಿರಬೇಕೋ, ಬೇಡವೋ.

ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿಕೊಡುವ ಅಂಗಡಿ ಅದು. ಚಿತ್ರ ಗಂಡನದು, ಧ್ವನಿ ಹೆಂಡತಿಯದು, ಮೇಜು ಇಬ್ಬರದು. ಅವಳ ಸ್ಪೀಕರ್ ಹಳೆಯ ಕಾಲದ್ದು, ಎತ್ತಲು ಇಬ್ಬರು ಬೇಕು. ಅದರೊಳಗಿನ ಅಯಸ್ಕಾಂತಕ್ಕೆ ಕವಚವಿರಲಿಲ್ಲ. ಹಾಗಾಗಿ ಅದರ ಎಳೆತಕ್ಕೆ ಬಣ್ಣ ಕದಡಿ, ಪಕ್ಕದ ಹಳೇ ಟಿ.ವಿ.ಯಂಥ ಡಬ್ಬಿ ಪರದೆಯ ಎಡಮೂಲೆ ಸದಾ ಹಸಿರು. ಗಂಡ ಪಾಪ, ಹಸಿರು ಚಿತ್ರದಲ್ಲೇ ಇದೆಯೆಂದು ನಂಬಿ, ಆ ಮೂಲೆಗೆ ಧಾರಾಳವಾಗಿ ಕೆಂಪು ಬೆರೆಸಿದ್ದ. ಮದುವೆಯ ಚಿತ್ರದಲ್ಲಿ ಆ ಮೂಲೆಯಲ್ಲಿ ಕೂತಿದ್ದವರು ವರನ ತಾಯಿ.

“ನಮ್ಮ ಬೀಗಿತ್ತಿ ಮುಖ ನೋಡಿ ಸ್ವಾಮಿ, ಕೆಂಡ!” ವಧುವಿನ ತಂದೆ ಸಿ.ಡಿ.ಯನ್ನು ಮೇಜಿಗೆ ಕುಕ್ಕಿದರು. “ಮದುವೆ ಪೂರ್ತಿ ನಗ್ತಾನೇ ಇದ್ದ ಹೆಂಗಸು. ಇದನ್ನ ನೋಡಿದ್ಮೇಲೆ ನನ್ನ ಫೋನೇ ಎತ್ತುತ್ತಿಲ್ಲ. ನಾನೇ ಬೇಕಂತ ಮಾಡಿಸಿದೀನಿ ಅಂದ್ಕೊಂಡಿದಾರೆ!”

ಗಂಡ ಸ್ಪೀಕರನ್ನು ತೇಕುತ್ತ ಬಾಗಿಲವರೆಗೆ ಎಳೆದ. ಪರದೆಯನ್ನು ಒಮ್ಮೆ ಆರಿಸಿ ಹಚ್ಚಿದ. ಸಿ.ಡಿ. ಹಾಕಿದರೆ ಹಸಿರು ಮಾಯ, ಬೀಗಿತ್ತಿ ನಿಗಿನಿಗಿ.

“ಕಳ್ಳ ಸಿಕ್ಕಿಬಿದ್ದ ನೋಡಿ,” ಎಂದವನೇ ಅಂಗೈಯಗಲದ ಎರಡು ಹೊಸ ಸ್ಪೀಕರುಗಳನ್ನು ಹೊರತೆಗೆದ. “ಇದಕ್ಕೆ ಕವಚ ಇದೆ. ಅಯಸ್ಕಾಂತದ ಎಳೆತ ಹೊರಗೆ ಬರಲ್ಲ. ಇನ್ಮೇಲೆ ಇವೇ. ನಿನ್ನ ಗುಡಾಣ ಅಟ್ಟಕ್ಕೆ.”

“ಎಳೆತ ಮಾತ್ರ ಅಲ್ಲ, ಶಬ್ದಾನೂ ಹೊರಗೆ ಬರಲ್ಲ ಅದ್ರಲ್ಲಿ,” ಎಂದಳು ಹೆಂಡತಿ.

“ಹೆಡ್‌ಫೋನ್ ಹಾಕ್ಕೋ.”

“ನನ್ನ ಕಿವಿ ಮುಚ್ಚಿಸಿ ನೀವು ಹರಟೆ ಹೊಡೆಯೋಕಾ? ಇವತ್ತು ಸ್ಪೀಕರ್ ಅಟ್ಟಕ್ಕೆ. ನಾಳೆ ನನ್ನ ಕುರ್ಚಿ ಅಟ್ಟಕ್ಕೆ. ನಾಡಿದ್ದು ನಾನು ಇಲ್ಲಿ ಬಂದೋರಿಗೆ ಚಹಾ ಕೊಡೋಳು. ಆಗಲ್ಲ ರೀ. ನಿಮ್ಮ ಪರದೆಗೆ ಇದರ ಜೊತೆ ಬಾಳೋಕೆ ಆಗದಿದ್ರೆ ಪರದೆ ಎದ್ದು ಹೋಗ್ಲಿ.”

“ಗಿರಾಕಿಗೆ ಬೇಕಿರೋದು ಮುಖ ಕಣೇ. ಮದುವೆ ಸಿ.ಡಿ.ನ ಯಾರಾದ್ರೂ ಕೇಳ್ತಾರಾ?” ಗಂಡ ಪುಟ್ಟ ಸ್ಪೀಕರುಗಳನ್ನು ಜೋಡಿಸಿ ಅದೇ ದೃಶ್ಯ ಹಚ್ಚಿದ. ವಾದ್ಯದ ಸದ್ದು ಬಂತು. ಬೇರೇನೂ ಬರಲಿಲ್ಲ. “ಸಾಕಲ್ವಾ ಸಾರ್?”

“ಸಾಕು ಸಾಕು,” ಎಂದರು ವಧುವಿನ ತಂದೆ.

ಅವಳು ಸೆರಗು ಸಿಕ್ಕಿಸಿದಳು. ಇಬ್ಬರು ಎತ್ತಬೇಕಾದ್ದನ್ನು ಒಬ್ಬಳೇ ಎತ್ತಿ ತಂದು, ಅದೇ ಎಡತುದಿಗೆ ಧೊಪ್ಪೆಂದು ಕೂರಿಸಿದಳು. ಮೂಲೆ ಮತ್ತೆ ಹಸಿರಾಯಿತು. ತಂತಿ ಚುಚ್ಚಿ ಅದೇ ದೃಶ್ಯ ಹಚ್ಚಿದಳು.

ವಾದ್ಯದ ಅಡಿಯಿಂದ, ನಗುವಿನ ಸಂದಿಯಿಂದ, ಮೆಲುದನಿಯೊಂದು ಸ್ಪಷ್ಟವಾಗಿ ಎದ್ದು ಬಂತು. ಬೀಗಿತ್ತಿ ಪಕ್ಕದಲ್ಲಿದ್ದ ತಂಗಿಗೆ ಹೇಳುತ್ತಿದ್ದರು: “ಹುಡುಗನ ತಾಯೀನ ಹೇಗೆ ಮೂಲೆಗೆ ತಳ್ಳಿದಾರೆ ನೋಡೇ. ಇವತ್ತೊಂದು ದಿನ ಹಲ್ಲು ಕಿರೀತೀನಿ. ಆಮೇಲೆ ಈ ಮನುಷ್ಯನ ಫೋನು ಎತ್ತಿದ್ರೆ ಕೇಳು.”

ವಧುವಿನ ತಂದೆ ಕುರ್ಚಿಯನ್ನು ಪರದೆಯ ಎದುರಿನಿಂದ ಸ್ಪೀಕರಿನ ಎದುರಿಗೆ ಎಳೆದುಕೊಂಡರು.

“ಮುಂದೆ ಏನಂದ್ರು? ಇನ್ನೊಂಚೂರು ಜೋರು ಮಾಡಮ್ಮಾ.”

“ಬಣ್ಣ ಈಗಲೇ ಸರಿ ಮಾಡಿಕೊಡ್ತೀನಿ ಸಾರ್...” ಎಂದ ಗಂಡ.

“ಬಣ್ಣ ಸರಿಯಾಗೇ ಇದೆ,” ಎಂದರು ವಧುವಿನ ತಂದೆ.

ಮಧ್ಯಾಹ್ನದ ಹೊತ್ತಿಗೆ ಪರದೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹೋಗಿ ಕೂತಿತು.