ಎಡಗಡೆಯ ಸ್ಪೀಕರ್

“ಕಣ್ಣು ಮುಚ್ಚಿ ಕುಂದ್ರಿ ಉಸ್ತಾದ್. ಆವಾಜ್ ಯಾವ ಕಡಿಂದ ಬರ್ತದೋ ಆ ಕಡಿಗಿ ಬಟ್ಟು ಮಾಡಿ ತೋರಸ್ರಿ,” ಎಂದು ತೌಸೀಫ್ ರಿಮೋಟ್ ಒತ್ತಿದ. ಕುರ್ಚಿಯ ಹಿಂದೆ, ಎಡಮೂಲೆಯ ಸ್ಪೀಕರ್ ಸುಯ್ಯೆಂದಿತು. ಅಬ್ದುಲ್ ಮಜೀದರು ಬಲಗಡೆಗೆ ಬೆರಳು ಮಾಡಿದರು.

ಇದು ಮೂರನೆಯ ಸಲ. ತೌಸೀಫ್ ತಲೆ ಕೆರೆದುಕೊಂಡ. ಅವನ ಕಿವಿಗೇನೋ ಎಡಕ್ಕೇ ಕೇಳಿತ್ತು, ಆದರೆ ಉಸ್ತಾದರ ಕಿವಿಯ ಮುಂದೆ ಅವನ ಕಿವಿ ಯಾವ ಲೆಕ್ಕ? ವಾಡಿಯ ಸಿಮೆಂಟ್ ಮಿಲ್ಲಿನಲ್ಲಿ ಮಜೀದರು ಮೂವತ್ತೊಂದು ವರ್ಷ ದುಡಿದವರು. ಕಣ್ಣು ಮುಚ್ಚಿ ನಿಂತು, ಕಲ್ಲು ಅರೆಯುವ ಮಿಲ್ಲಿನ ಹೊಟ್ಟೆ ತುಂಬಿದೆಯೋ ಖಾಲಿಯಿದೆಯೋ ಎಂದು ಬರೀ ಸದ್ದಿನಿಂದ ಹೇಳುತ್ತಿದ್ದರು. ಮೀಟರ್ ಹಿಡಿದ ಇಂಜಿನಿಯರುಗಳೂ ಕೊನೆಗೆ ಅವರನ್ನೇ ಕೇಳುತ್ತಿದ್ದರು. ತೌಸೀಫನೂ ಅವರ ಕೈಕೆಳಗೆ ಎರಡು ವರ್ಷ ಪಳಗಿ, ಆಮೇಲೆ ಸೇಡಂನಲ್ಲಿ ಹೋಮ್ ಥಿಯೇಟರ್ ಅಂಗಡಿ ಇಟ್ಟವನು. ಇವತ್ತು ಉಸ್ತಾದರ ಮನೆಗೆ ಹೊಸ ಮಷಿನ್ ಕೂಡಿಸಲು ಬಂದಿದ್ದ. ಹಾಗಾಗಿ ತಪ್ಪು ಮಷಿನ್‌ದೇ ಇರಬೇಕೆಂದು ತೀರ್ಮಾನಿಸಿ, ವೈರು ಅದಲುಬದಲು ಮಾಡಿದ, ಮತ್ತೆ ಮೊದಲಿನಂತೆ ಹಾಕಿದ. ಪರೀಕ್ಷೆಯ ಬ್ಲೂ-ರೇ ಡಿಸ್ಕಿನಲ್ಲಿ ಎರಡು ನಮೂನೆಯ ಆವಾಜು ಇದ್ದವು. ಡಿಟಿಎಸ್-ಎಚ್‌ಡಿ ಎಂಬುದನ್ನು ಬಿಟ್ಟು ಡಾಲ್ಬಿ ಟ್ರೂಎಚ್‌ಡಿ ಎಂಬುದನ್ನು ಹಚ್ಚಿದ. ಉಸ್ತಾದರ ಬೆರಳು ಬಲಕ್ಕೇ ಹೋಯಿತು.

ಅಡಿಗೆಮನೆಯ ಬಾಗಿಲಲ್ಲಿ ಇಮಾಮ್ಬೀ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಗಂಡ ತಪ್ಪು ತೋರಿಸುತ್ತಿದ್ದಾರೆಂದು ಅವಳಿಗೆ ಗೊತ್ತಾಗುತ್ತಿತ್ತು, ಬಾಯಿ ಮಾತ್ರ ಬಿಡಲಿಲ್ಲ. ಆ ಮನೆಯಲ್ಲಿ ಅವಳು ಮಾತು ಕಡಿಮೆ ಮಾಡಿ ಆರು ವರ್ಷವಾಗಿತ್ತು. ಆಗ ಸುಲೇಪೇಟದಲ್ಲಿ ನಾದಿನಿ ಲತೀಫಾನ ಮಗಳ ಮದುವೆ. ಬೀಗರನ್ನು ಊಟಕ್ಕೆ ಮೊದಲು ಕೂಡಿಸಿ ತನ್ನನ್ನು ಕಾಯಿಸಿದರೆಂದು ಸಿಟ್ಟಾಗಿ ಇಮಾಮ್ಬೀ ಬಾಯಿಗೆ ಬಂದಂತೆ ಅಂದು, ಊಟಕ್ಕೆ ಕೂತಿದ್ದ ಗಂಡನನ್ನೂ ಎಬ್ಬಿಸಿಕೊಂಡು ಬಂದಿದ್ದಳು. ಅಲ್ಲಿಗೆ ಅಣ್ಣ ತಂಗಿಯರ ಹೋಗಿಬರುವುದು ನಿಂತಿತು. ತಿಂಗಳೊಪ್ಪತ್ತಿನ ಮೇಲೆ ಒಂದು ರಾತ್ರಿ, ಮಲಗಿದ್ದ ಗಂಡನ ಪಕ್ಕದಲ್ಲಿ ಅತ್ತು, ತಪ್ಪು ನಂದೇ, ಮಾಫ್ ಮಾಡ್ರಿ, ಲತೀಫಾನ ಮನಿಗಿ ಹೋಗಿ ಬರೂಣು ಎಂದಿದ್ದಳು. ಅವರು ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೆನ್ನು ತಿರುಗಿಸಿದವರು ತಿರುಗಿಸಿದಂತೆಯೇ ಇದ್ದರು. ಮಾಫಿ ಸಿಗಲಿಲ್ಲ ಎಂದುಕೊಂಡಳು. ಮತ್ತೆ ಕೇಳುವ ಮುಖ ಅವಳಿಗಿರಲಿಲ್ಲ.

ತೌಸೀಫ್ ಸೋತು, ಮಷಿನ್ ಹೈದರಾಬಾದಿಗೆ ವಾಪಸು ಕಳಿಸುತ್ತೇನೆ ಎಂದ. ಮಜೀದರ ಮುಖ ಸಣ್ಣದಾಯಿತು. ಎಷ್ಟು ಆಸೆಪಟ್ಟು ತರಿಸಿದ್ದರು ಪಾಪ! ಡಿವಿಡಿಯಲ್ಲಿ ಆವಾಜನ್ನು ಕತ್ತರಿಸಿ ತುರುಕುತ್ತಾರೆ, ಈ ಬ್ಲೂ-ರೇಯಲ್ಲಿ ಸೀರೆ ಮಡಚಿದಂತೆ ಮಡಚಿಟ್ಟಿರುತ್ತಾರೆ, ಬಿಚ್ಚಿದರೆ ಒಂದು ಎಳೆಯೂ ಕಮ್ಮಿ ಇರುವುದಿಲ್ಲ ಎಂದು ತೌಸೀಫ್ ಹೇಳಿದ್ದನ್ನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ಈಗ ತೌಸೀಫ್ ವೈರು ಬಿಚ್ಚಲು ಬಗ್ಗಿದಾಗ, ಅವರ ಕೈ ಮೆಲ್ಲಗೆ ಎಡಗಿವಿಗೆ ಹೋಗಿ ತಿಕ್ಕಿತು. ಯಾರಾದರೂ ಕಂಡರೋ ಎಂದು ಕಳ್ಳನ ಹಾಗೆ ಅತ್ತಿತ್ತ ನೋಡಿದರು.

ಇಮಾಮ್ಬೀ ಕಂಡಳು. ಎಡಗಡೆ ನಿಂತು ಚಹಾ ಬೇಕೇ ಎಂದರೆ ಎರಡೆರಡು ಸಲ ಕೇಳಬೇಕಾಗುತ್ತಿದ್ದುದು, ಅದನ್ನು ಸೊಕ್ಕು ಎಂದು ತಾನು ಒಳಗೇ ಕುದಿದದ್ದು, ಎಲ್ಲ ಒಮ್ಮೆಲೇ ನೆನಪಾಯಿತು. ಆ ರಾತ್ರಿಯೂ ಅಷ್ಟೇ. ಬಲಗಿವಿ ದಿಂಬಿಗೆ ಒತ್ತಿಕೊಂಡು ಮಲಗಿದ್ದರು, ಮೇಲಿದ್ದದ್ದು ಕೇಳದ ಎಡಗಿವಿ. ಯಾ ಅಲ್ಲಾ, ಈ ಮನುಷ್ಯನಿಗೆ ನನ್ನ ಮಾತು ಮುಟ್ಟೇ ಇಲ್ಲ! ಅವಳಿಗೆ ಅಳು ಬಂತು, ನಗುವೂ ಬಂತು, ಎರಡನ್ನೂ ನುಂಗಿಕೊಂಡಳು.

ಚಹಾ ಇಟ್ಟು, ಕುರ್ಚಿಯ ಹಿಂದೆ ಹೋಗಿ ನಿಂತು, ಇನ್ನೊಂದು ಸಲ ಹಚ್ಚಿ ನೋಡಪ್ಪಾ ಎಂದಳು ತೌಸೀಫನಿಗೆ. ಮಜೀದರು ಒಲ್ಲದ ಮನಸ್ಸಿನಿಂದ ಕಣ್ಣು ಮುಚ್ಚಿದರು. ಎಡಮೂಲೆ ಸುಯ್ಯೆನ್ನುತ್ತಲೇ ಇಮಾಮ್ಬೀ ಗಂಡನ ಎಡಭುಜವನ್ನು ಮೆತ್ತಗೆ ಒತ್ತಿದಳು. ಆಮೇಲೆ ಬೆರಳು ನಿಧಾನಕ್ಕೆ ಎಡಕ್ಕೆ ಹೋಯಿತು. ಎದುರಿನ ಎಡದ ಸ್ಪೀಕರಿಗೂ ಹಾಗೆಯೇ ಒತ್ತಿದಳು, ಅದೂ ಸರಿ ಬಂತು. ತೌಸೀಫ್ ಹಣೆಯ ಬೆವರು ಒರೆಸಿಕೊಂಡು, ಡಾಲ್ಬಿಯೇ ಕೂಡಿಬಂತು ನೋಡ್ರಿ ಎಂದು ಖುಷಿಯಿಂದ ಚಹಾ ಕುಡಿದು ಸೇಡಂ ಬಸ್ಸಿಗೆ ಹೋದ.

ಅವನು ಹೋದ ಮೇಲೆ ಇಮಾಮ್ಬೀ ತನ್ನ ಸ್ಟೂಲನ್ನು ಗಂಡನ ಬಲಗಡೆಗೆ ಎಳೆದುಕೊಂಡು ಕೂತಳು.

“ಲತೀಫಾನ ಮನಿಗಿ ಹೋಗಿ ಬರೂಣು ನಡ್ರಿ. ಅವತ್ತಿನ ತಪ್ಪು ನಂದೇ ಅದ. ಮಾಫ್ ಮಾಡ್ರಿ.”

ಮಜೀದರು ಅವಳ ಕಡೆ ತಿರುಗಿದರು. ಕಣ್ಣು ತುಂಬಿಕೊಂಡವು.

“ನೀ ಹೇಳಲಾರ್ದೆ ನಾ ಹ್ಯಾಂಗ ಹೋಗ್ಲಿ ಅಂತ ಕುಂತಿದ್ದೆ,” ಎಂದರು. “ಈ ಒಂದು ಮಾತಿನ ಸಲುವಾಗಿ ಆರು ವರ್ಷ ಕಾದೀನಿ. ಒಂದಿನಾರ ಹೇಳಬಾರದಾಗಿತ್ತೇನು?”

ಇಮಾಮ್ಬೀ ಆ ರಾತ್ರಿಯದನ್ನು ಹೇಳಲು ಬಾಯಿ ತೆರೆದಳು, ತಡೆದಳು. ಅವರ ಬಲಗಿವಿಯ ಹತ್ತಿರಕ್ಕೆ ಬಗ್ಗಿದಳು.

“ಧೈರ್ಯ ಆಗಲಿಲ್ರಿ,” ಎಂದಳು.