ಬೆನ್ನು ಹಾಕಿ ನಿಂತವಳು

ಹಲಗೆಯ ಸೇತುವೆಯ ನಡುವೆ ರೋಬೋ ತಟ್ಟನೆ ನಿಂತಿತು. ಅದರ ಬಲಗಡೆಯ ಒಂದು ಚಕ್ರ ಅಂಚಿನಾಚೆ ಗಾಳಿಯಲ್ಲಿತ್ತು. ಸೇತುವೆ ದಾಟಿ ಹೋಗಿ, ಮರಳಿ ಹೊರಟ ಗೆರೆಗೆ ಬರಬೇಕಾದ ಸ್ಪರ್ಧೆ; ಬಿದ್ದರೆ ಆಟ ಮುಗಿದಂತೆ. ಟೊಯ್ವೊ ತೀರಿಕೊಳ್ಳುವ ಮುನ್ನ ಕೈಯಾರೆ ಮಾಡಿದ ಕೊನೆಯ ರೋಬೋ ಅದು. ಅವನ ಹೆಂಡತಿ ಐಲಾ ರಿಮೋಟ್ ಹಿಡಿದದ್ದು ಇದೇ ಮೊದಲು. ಹೋಗುವಾಗ ಹೇಳಿದಂತೆ ಕೇಳಿದ ರೋಬೋ, ತಿರುಗಿ ಅವಳತ್ತ ಬರುವಾಗ ಎಡಕ್ಕೆ ಒತ್ತಿದರೆ ಬಲಕ್ಕೆ ಸರಿಯುತ್ತಿತ್ತು.

“ಏನ್ ಐಲಾ, ದೇವರನ್ನ ನೆನೀತಿದ್ದೀಯಾ?” ಗಂಡನ ಹಳೆಯ ಎದುರಾಳಿ ಟೌನೊ ಕೆಣಕಿದ.

“ಅವನನ್ನ ದಿನಾ ನೆನೀತೀನಿ. ನೀನು ಸ್ವಲ್ಪ ಬಾಯಿ ಮುಚ್ಚು.”

ಇದೇ ಚರ್ಚಿನ ಸಭಾಂಗಣದಲ್ಲಿ, ರೋಬೋ ಹಿಂದಿರುಗುವಾಗ ಟೊಯ್ವೊ ಅದಕ್ಕೆ ಬೆನ್ನು ಹಾಕಿ, ಹೆಗಲ ಮೇಲಿಂದ ನೋಡುತ್ತ ಓಡಿಸುತ್ತಿದ್ದ. ಬರಿಯ ಠೀವಿ ಎಂದುಕೊಂಡು ಐಲಾ ನಕ್ಕಿದ್ದಳೇ ಹೊರತು ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ. ಹಾಗೇಕೆ ನಿಲ್ಲುತ್ತಿದ್ದ?

ಅವಳೂ ಮೆಲ್ಲನೆ ಬೆನ್ನು ತಿರುಗಿಸಿ ಹೆಗಲ ಮೇಲಿಂದ ನೋಡಿದಳು. ಈಗ ಅವಳ ಮುಖವೂ ರೋಬೋದ ಮುಖವೂ ಒಂದೇ ದಿಕ್ಕಿಗಿದ್ದವು. ಅದರ ಎಡ ಅವಳ ಎಡವೇ ಆಗಿತ್ತು.

“ಓಹೋ, ಇದಕ್ಕಾ!” ಎಂದಳು.

ಎಡಕ್ಕೆ ಒತ್ತಿದಳು. ಚಕ್ರ ಹಲಗೆಯ ಮೇಲೆ ಬಂತು. ರೋಬೋ ಗುರುಗುಟ್ಟುತ್ತ ಸೇತುವೆ ಇಳಿದು, ಗೆರೆ ದಾಟಿ, ಅವಳ ಹಿಮ್ಮಡಿಗೆ ಮೆತ್ತಗೆ ತಾಗಿ ನಿಂತಿತು.