ಚರ್ಮದ ಚೆಂಡು

ಕಾರಿನ ಕೀಲಿ, ಲ್ಯಾಪ್‌ಟಾಪು, ಮಗಳ ಪುಸ್ತಕ, ಸ್ಕ್ರೂಡ್ರೈವರು. ಆಯುಧಪೂಜೆಯ ಮಣೆಯ ಮೇಲೆ ಮಹಾಬಲೇಶ್ವರ ಎಲ್ಲವನ್ನೂ ಒಪ್ಪವಾಗಿ ಜೋಡಿಸಿದ. ಹೆಂಡತಿಯ ಪಾಲಿನದೆಂದು ಕೊನೆಯಲ್ಲಿ ಕುಕ್ಕರನ್ನೂ ತಂದಿಟ್ಟ. ಒಳಗಿನಿಂದ ಬಂದ ದಾಕ್ಷಾಯಣಿ ಕುಕ್ಕರನ್ನೆತ್ತಿ ಪಕ್ಕಕ್ಕಿಟ್ಟು, ಆ ಜಾಗದಲ್ಲಿ ತನ್ನ ಹಳೆಯ ಬ್ಯಾಸ್ಕೆಟ್‌ಬಾಲನ್ನು ಕೂರಿಸಿದಳು.

"ಏ, ಏನಿದು?"

"ಇನ್ನೆರಡು ವಾರಕ್ಕ ನಮ್ಮ ಡಲ್ಲಾಸ್ ಟೀಮಿನ ಹೊಸ ಸೀಸನ್ ಶುರು ಆಗ್ತದ. ಒಂದೀಟು ಕುಂಕುಮ ಹಚ್ರಿ."

"ನಮ್ಮ ಟೀಮಂತ! ವರ್ಷಾ ವರ್ಷಾ ಸೋಲೂದನ್ನ ಕಸಬು ಮಾಡ್ಕೊಂಡಾರ. ಡಲ್ಲಾಸಿನ ಮಂದೀನ ಅವರನ್ನ ಕೈಬಿಟ್ಟಾರ, ಪೂಜಿ ನಾವು ಮಾಡೂದೇನು? ಅದರಾಗ ಇದು ಚರ್ಮದ್ದು. ದೇವರ ಮುಂದ ಚರ್ಮ ಇಡ್ತಾರೇನು? ತೆಗಿ."

ಅವಳು ತೆಗೆಯಲಿಲ್ಲ. ಮದುವೆಗೆ ಮುಂಚೆ ಹುಬ್ಬಳ್ಳಿಯ ಕಾಲೇಜು ತಂಡಕ್ಕೆ ಅವಳೇ ಕ್ಯಾಪ್ಟನ್. ಆಟ ಸಾಕು ಎಂದು ಅತ್ತೆ ಮನೆ ಹೇಳಿತು. ದುಡಿಯಕೂಡದು ಎಂದು ಇಲ್ಲಿ ಅಮೆರಿಕದ ವೀಸಾ ಹೇಳಿತು. ಗಂಡ ಬೆಳಿಗ್ಗೆ ಲಾಸ್ ಕೊಲಿನಾಸ್‌ನ ಆಫೀಸಿಗೆ ಹೊರಟನೆಂದರೆ ಅಪಾರ್ಟ್‌ಮೆಂಟಿನಲ್ಲಿ ಅವಳು, ಕೂಸು, ಗಂಟಲಲ್ಲೇ ಸಿಕ್ಕಿಕೊಂಡ ಇಂಗ್ಲಿಷು. ಆ ಮೊದಲ ಚಳಿಗಾಲದಲ್ಲಿ ಆಫೀಸಿನವರು ಡಲ್ಲಾಸ್ ತಂಡದ ಆಟದ, ಯಾರಿಗೂ ಬೇಡವಾದ ಟಿಕೆಟ್ಟೊಂದನ್ನು ಗಂಡನ ಕೈಗೆ ತುರುಕಿದರು. ಅವನು ತಾಯಿ ಮಗುವನ್ನು ಸ್ಟೇಡಿಯಮ್ಮಿನ ಬಾಗಿಲಲ್ಲಿ ಇಳಿಸಿ ಕೆಲಸಕ್ಕೆ ಮರಳಿದ. ಕಟ್ಟಕಡೆಯ ಸಾಲು. ಕೆಳಗೆ ಆಟಗಾರರು ಇರುವೆಗಳಷ್ಟಿದ್ದರು. ಡಲ್ಲಾಸ್ ಸೋಲುತ್ತಿತ್ತು, ಜನ ಅರ್ಧ ಆಟಕ್ಕೇ ಎದ್ದು ಹೋಗುತ್ತಿದ್ದರು. ಆಗ ಮೆಟ್ಟಿಲ ಬಳಿ ಟಿಕೆಟ್ ನೋಡುತ್ತಿದ್ದ ಕರಿಯ ಮುದುಕನೊಬ್ಬ ಅವಳತ್ತ ಕೈ ಬೀಸಿದ. ಎಬ್ಬಿಸಿ ಕಳಿಸುತ್ತಾನೆಂದು ಅವಳು ಕೂಸನ್ನೆತ್ತಿಕೊಂಡು ಎದ್ದಳು. ಅವನು ಕೂಸಿನ ಚೀಲವನ್ನು ತಾನೇ ಹೊತ್ತು, ಅವಳನ್ನು ಅಂಕಣದ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂರಿಸಿ, "ಇಲ್ಲಿಂದ ನೋಡಮ್ಮ" ಎಂಬಂತೆ ನಕ್ಕ. ಹಿಂದೆ ಸರಿ ಎನ್ನುವವರನ್ನೇ ಕಂಡಿದ್ದವಳಿಗೆ ಮುಂದೆ ಬಾ ಎಂದವನು ಅವನೊಬ್ಬ. ಎದುರಿಗೆ ಸೋತು ಸುಣ್ಣವಾದ ಹುಡುಗರು ಕಡೆಯ ಗಂಟೆ ಬಾರಿಸುವವರೆಗೂ ಓಡುತ್ತಲೇ ಇದ್ದರು. ಅವಳು ಅತ್ತಳು. ಆಮೇಲೆ ಪ್ರತಿ ಸೀಸನ್ನಿನಲ್ಲೂ ಆ ಅಜ್ಜ ಅವಳಿಗೊಂದು ಖಾಲಿ ಕುರ್ಚಿ ಹುಡುಕಿ ಕೊಡುತ್ತಿದ್ದ.

"ಚರ್ಮ ಆಗೂದಿಲ್ಲಂದ್ರ ಸರಿ," ಎಂದಳು ದಾಕ್ಷಾಯಣಿ. "ಹೊರಗ ಕಾರಿಗೆ ಇಷ್ಟೊತ್ತು ಆರತಿ ಎತ್ತಿದ್ರಲ್ರಿ, ಅದರ ಸೀಟು ರೇಷ್ಮೀದೇನು?"

"ಡ್ಯಾಡ್, ರಿಯಲ್ ಲೆದರ್ ಅಂತ ರಾಜಗೋಪಾಲ ಅಂಕಲ್‌ಗೆ ನೀನೇ ಹೇಳಿದೆ!" ಏಳು ವರ್ಷದ ತನ್ವಿ ಕಿಲಕಿಲನೆ ನಕ್ಕಳು.

ಮಹಾಬಲೇಶ್ವರ ಬೆರಳನ್ನು ಕುಂಕುಮದ ಬಟ್ಟಲಿಗೆ ಅದ್ದಿದ.

"ಅಲ್ಲಲೇ, ಸೋಲವರ ಮ್ಯಾಲೆ ನಿನಗ್ಯಾಕ ಇಷ್ಟು ಪ್ರೀತಿ?"

"ಗೆಲ್ಲವರ ಹತ್ರ ನನಗ ಕುರ್ಚಿ ಎಲ್ಲಿ ಖಾಲಿ ಇರ್ತಿತ್ರಿ? ಅವರ ಋಣ ಅದ ನನ್ನ ಮ್ಯಾಲೆ. ಈ ವರ್ಷ ಅವರು ಗೆಲ್ಲಬೇಕು."

ಅವನು ಚೆಂಡಿಗೆ ಕುಂಕುಮ ಹಚ್ಚಿದ, ಮೇಲೊಂದು ಸೇವಂತಿಗೆಯನ್ನೂ ಇಟ್ಟ. ಹೂ ಜಾರಿತು, ಮತ್ತೆ ಇಟ್ಟ.

ತನ್ವಿ ಮಾತ್ರ ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದಳು. "ಬಟ್ ಅಮ್ಮಾ, ಇಫ್ ದೇ ವಿನ್, ಎಲ್ಲಾರೂ ಬರ್ತಾರೆ. ಯುವರ್ ಸೀಟ್ ಈಸ್ ಗಾನ್!"

"ಹೋಗಲಿ ಬಿಡವ್ವ," ದಾಕ್ಷಾಯಣಿ ಕರ್ಪೂರ ಹಚ್ಚಿದಳು. "ಕಡೀ ಸಾಲಿನ್ಯಾಗ ನಿಂತು ಕೂಗ್ತೀನಿ. ಕೆಳಗ ಆ ಅಜ್ಜಗ ಕೇಳಬೇಕು, ಹಂಗ ಕೂಗ್ತೀನಿ."